ಕಾಮಗಾರಿ ಛಾಯಾಚಿತ್ರದ ಗುಣಮಟ್ಟವನ್ನು ನಿರ್ಧರಿಸುವ ಅಂಶಗಳು

ಗ್ರಾಮ ಪಂಚಾಯತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಅವಗಾಹನೆಗಾಗಿ

ಗ್ರಾಮ ಪಂಚಾಯತಿಯ ಆಡಳಿತದಲ್ಲಿ ಛಾಯಾಚಿತ್ರವು ಇಂದು ದಾಖಲೆಯ ಸ್ಥಾನವನ್ನು ಪಡೆದಿದೆ. ಉದ್ಯೋಗ ಖಾತರಿ ಕಾಮಗಾರಿಗಳನ್ನು ಆರಂಭಕ್ಕೆ ಮೊದಲು, ನಡೆಯುತ್ತಿರುವಾಗ ಹಾಗೂ ಮುಗಿದ ತರುವಾಯ, ಹೀಗೆ ಮೂರು ಹಂತಗಳಲ್ಲಿ ಜಿಪಿಎಸ್ ಛಾಯಾಚಿತ್ರದೊಡನೆ ದಾಖಲಿಸುವ ಪದ್ಧತಿಯು 2017ರ ನವೆಂಬರ್‌ನಿಂದ ಜಾರಿಗೆ ಬಂದಿತು. ಕೂಲಿಕಾರರ ಹಾಜರಾತಿಗಾಗಿ 2021ರಲ್ಲಿ ಆರಂಭವಾದ ಎನ್‌ಎಂಎಂಎಸ್ ಮೊಬೈಲ್ ಆ್ಯಪ್, 2023ರ ಜನವರಿ 1ರಿಂದ ವೈಯಕ್ತಿಕ ಫಲಾನುಭವಿಗಳ ಕಾಮಗಾರಿಗಳನ್ನು ಬಿಟ್ಟು ಉಳಿದೆಲ್ಲ ಕಾಮಗಾರಿ ಸ್ಥಳಗಳಿಗೆ ಕಡ್ಡಾಯವಾಯಿತು. ಇದರಡಿ ದಿನಕ್ಕೆ ಎರಡು ಬಾರಿ ಕೂಲಿಕಾರರ ಛಾಯಾಚಿತ್ರವನ್ನು ತೆಗೆಯಬೇಕಾಗುತ್ತದೆ. ವಸತಿ ಯೋಜನೆಗಳಲ್ಲಿಯೂ ತಳಪಾಯ, ಲಿಂಟಲ್, ಛಾವಣಿ ಮುಂತಾದ ಹಂತಗಳ ಚಿತ್ರವನ್ನು ಆಧರಿಸಿಯೇ ಫಲಾನುಭವಿಗೆ ಕಂತಿನ ಹಣ ಬಿಡುಗಡೆಯಾಗುತ್ತದೆ.

2025ರ ಜುಲೈ ತಿಂಗಳಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಹಾಜರಾತಿ ಚಿತ್ರಗಳ ದುರುಪಯೋಗದ ಬಗ್ಗೆ ರಾಜ್ಯಗಳಿಗೆ ಪತ್ರ ಬರೆದು, ಗ್ರಾಮ ಪಂಚಾಯತಿ ಹಂತದಲ್ಲಿ ಎಲ್ಲ ಚಿತ್ರಗಳನ್ನೂ ಪರಿಶೀಲಿಸಬೇಕೆಂದು ಸೂಚಿಸಿತು. ಸಂಬಂಧವಿಲ್ಲದ ಚಿತ್ರಗಳನ್ನು ಸೇರಿಸುವುದು ಹಾಗೂ ಚಿತ್ರದಿಂದಲೇ ಚಿತ್ರ ತೆಗೆದು ಕಳುಹಿಸುವುದು ಅದರಲ್ಲಿ ಹೆಸರಿಸಿದ ಲೋಪಗಳಲ್ಲಿ ಸೇರಿದ್ದವು. ಪರಿಶೀಲಿಸುವವರ ಕಣ್ಣಿಗೆ ಚಿತ್ರದಲ್ಲಿ ಏನೂ ಕಾಣದಿದ್ದರೆ ಪರಿಶೀಲನೆಗೆ ಅರ್ಥವಿರುವುದಿಲ್ಲ. ಅಸ್ಪಷ್ಟ ಚಿತ್ರದ ಮರೆಯಲ್ಲಿ ಸುಳ್ಳು ಹಾಜರಾತಿ ಅಡಗಿಕೊಳ್ಳುತ್ತದೆ. ಅದೇ ಅಸ್ಪಷ್ಟತೆಯಿಂದಾಗಿ, ದಿನವಿಡೀ ಬಿಸಿಲಿನಲ್ಲಿ ಮಣ್ಣು ಹೊತ್ತ ಕೂಲಿಕಾರಳು ತಾನು ಕೆಲಸದ ಸ್ಥಳದಲ್ಲಿ ಇದ್ದುದನ್ನು ತೋರಿಸಲಾಗದ ಸ್ಥಿತಿಗೆ ಬರುತ್ತಾಳೆ.

ಚಿತ್ರ ಸ್ಪಷ್ಟವಾಗಿಲ್ಲವೆಂಬ ದೂರು ಬಂದಾಗ ಹೆಚ್ಚು ಮೆಗಾಪಿಕ್ಸೆಲ್‌ನ ಮೊಬೈಲ್ ಬೇಕೆಂಬ ಬೇಡಿಕೆ ಸಾಮಾನ್ಯವಾಗಿ ಮುಂದೆ ಬರುತ್ತದೆ. ಗುಣಮಟ್ಟವನ್ನು ನಿರ್ಧರಿಸುವ ಅಂಶಗಳಲ್ಲಿ ಮೆಗಾಪಿಕ್ಸೆಲ್ ಒಂದು ಮಾತ್ರ. ಉಳಿದವುಗಳಲ್ಲಿ ಬಹುಪಾಲು ಅಂಶಗಳು ಹಣವಿಲ್ಲದೆ ಸರಿಪಡಿಸಬಹುದಾದವು. ಅವುಗಳನ್ನು ಮಾನ್ಯ ಸದಸ್ಯರಿಗೆ ವಿವರಿಸುವುದು ಈ ಲೇಖನದ ಉದ್ದೇಶ.

1. ಚಿತ್ರ ಮೂಡುವ ಬಗೆ

ಡಿಜಿಟಲ್ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಸೆನ್ಸರ್ ಎಂಬ ಸಣ್ಣ ಸಿಲಿಕಾನ್ ತುಣುಕು ಇರುತ್ತದೆ. ಅದರ ಮೇಲೆ ಲಕ್ಷಾಂತರ ಸೂಕ್ಷ್ಮ ಕೋಶಗಳು ಸಾಲುಸಾಲಾಗಿ ಜೋಡಣೆಗೊಂಡಿರುತ್ತವೆ. ಪ್ರತಿಯೊಂದು ಕೋಶವೂ ತನ್ನ ಮೇಲೆ ಬಿದ್ದ ಬೆಳಕನ್ನು ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಆ ವಿದ್ಯುತ್ತನ್ನು ಅಳೆದು ಸಂಖ್ಯೆಯಾಗಿ ಬರೆದಿಟ್ಟಾಗ ಚಿತ್ರದ ಒಂದು ಬಿಂದು ಸಿದ್ಧವಾಗುತ್ತದೆ. ಈ ಬಿಂದುವೇ ಪಿಕ್ಸೆಲ್. ಹತ್ತು ಲಕ್ಷ ಬಿಂದುಗಳಿಗೆ ಒಂದು ಮೆಗಾಪಿಕ್ಸೆಲ್ ಎನ್ನಲಾಗುತ್ತದೆ.

ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ 1975ರಲ್ಲಿ ರೂಪಿಸಿದ ಡಿಜಿಟಲ್ ಕ್ಯಾಮೆರಾದಲ್ಲಿ ಅಡ್ಡಲಾಗಿ 100, ಉದ್ದಕ್ಕೆ 100, ಒಟ್ಟು 10,000 ಬಿಂದುಗಳಿದ್ದವು. ಒಂದು ಚಿತ್ರವನ್ನು ಟೇಪಿಗೆ ಬರೆಯಲು ಅದಕ್ಕೆ 23 ಸೆಕೆಂಡುಗಳು ಬೇಕಾಗುತ್ತಿದ್ದವು. ಇಂದು ಸಾಧಾರಣ ಮೊಬೈಲ್ ಕೂಡ 4000 ಮತ್ತು 3000 ಬಿಂದುಗಳ, ಅಂದರೆ 12 ಮೆಗಾಪಿಕ್ಸೆಲ್‌ನ ಚಿತ್ರವನ್ನು ಕ್ಷಣಮಾತ್ರದಲ್ಲಿ ತೆಗೆಯುತ್ತದೆ.

2. ಮೆಗಾಪಿಕ್ಸೆಲ್ ಸಂಖ್ಯೆಯ ಮಿತಿ

ನಾಲ್ಕು ಎಕರೆ ಹೊಲವನ್ನು ನಲವತ್ತು ತುಂಡು ಮಾಡಿದರೆ ಇಳುವರಿ ಹತ್ತು ಪಟ್ಟಾಗುವುದಿಲ್ಲ; ಹೊಲಕ್ಕೆ ಬೀಳುವ ಮಳೆ ಅಷ್ಟೇ ಇರುತ್ತದೆ. ಸೆನ್ಸರಿನ ಸ್ಥಿತಿಯೂ ಹೀಗೆಯೇ. ಅದರ ವಿಸ್ತೀರ್ಣವನ್ನು ಹೆಚ್ಚಿಸದೆ ಕೋಶಗಳ ಸಂಖ್ಯೆಯನ್ನು ಮಾತ್ರ ಹೆಚ್ಚಿಸಿದರೆ ಪ್ರತಿ ಕೋಶಕ್ಕೆ ದೊರೆಯುವ ಬೆಳಕು ಕಡಿಮೆಯಾಗುತ್ತದೆ.

ವೃತ್ತಿಪರರು ಬಳಸುವ ಫುಲ್‌ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರವಿದ್ದು, 864 ಚದರ ಮಿ.ಮೀ. ವಿಸ್ತೀರ್ಣ ಹೊಂದಿರುತ್ತದೆ. ಮೂರನೆಯ ಒಂದು ಇಂಚು ಎಂದು ಕರೆಯಲಾಗುವ ಸಣ್ಣ ಸೆನ್ಸರಿನ ಅಳತೆ 4.8 ಮತ್ತು 3.6 ಮಿ.ಮೀ.; ವಿಸ್ತೀರ್ಣ ಸುಮಾರು 17 ಚದರ ಮಿ.ಮೀ. ಮೊದಲನೆಯದು ಎರಡನೆಯದಕ್ಕಿಂತ 50 ಪಟ್ಟು ದೊಡ್ಡದು. ಎರಡರಲ್ಲಿಯೂ 12 ಮೆಗಾಪಿಕ್ಸೆಲ್ ಇದ್ದರೂ ಚಿತ್ರಗಳು ಸಮನಾಗಿರುವುದಿಲ್ಲ.

ಇದರ ಕಾರಣ ಬೆಳಕಿನ ಸ್ವಭಾವದಲ್ಲಿಯೇ ಇದೆ. ಬೆಳಕು ಫೋಟಾನ್ ಎಂಬ ಕಣಗಳಾಗಿ ಬರುತ್ತದೆ. ಮಳೆಹನಿಗಳಂತೆ ಅವು ಎಲ್ಲೆಡೆ ಸಮನಾಗಿ ಬೀಳುವುದಿಲ್ಲ. ಒಂದು ಕೋಶಕ್ಕೆ ಸರಾಸರಿ 100 ಫೋಟಾನ್‌ಗಳು ಬೀಳುವಲ್ಲಿ ಸುಮಾರು 10ರಷ್ಟು, ಅಂದರೆ ಶೇ. 10ರಷ್ಟು ಏರುಪೇರು ಸಹಜ. 10,000 ಫೋಟಾನ್‌ಗಳು ಬೀಳುವಲ್ಲಿ ಏರುಪೇರು 100, ಅದು ಶೇ. 1 ಮಾತ್ರ. ಮಬ್ಬು ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಕಾಣುವ ಕಾಳುಕಾಳಾದ ಚುಕ್ಕೆಗಳು ಈ ಏರುಪೇರಿನಿಂದ ಹುಟ್ಟಿದವು. ಮೊಬೈಲ್ ಆ ಚುಕ್ಕೆಗಳನ್ನು ಅಳಿಸಲು ಹೋಗಿ ಮುಖದ ಗೆರೆಗಳನ್ನೂ ನುಣುಪಾಗಿಸಿಬಿಡುತ್ತದೆ. ಆಗ ವ್ಯಕ್ತಿಯ ಗುರುತು ಮಾಸುತ್ತದೆ.

48 ಅಥವಾ 50 ಮೆಗಾಪಿಕ್ಸೆಲ್ ಎಂದು ಮಾರಾಟವಾಗುವ ಅನೇಕ ಮೊಬೈಲ್‌ಗಳು ಸಾಮಾನ್ಯ ಬಳಕೆಯಲ್ಲಿ ನಾಲ್ಕು ಕೋಶಗಳ ಬೆಳಕನ್ನು ಕೂಡಿಸಿ ಒಂದು ಬಿಂದುವನ್ನಾಗಿ ಮಾಡುತ್ತವೆ. ಹೀಗೆ ಅವು ಕೊಡುವ ಚಿತ್ರವು ಸುಮಾರು 12 ಮೆಗಾಪಿಕ್ಸೆಲ್‌ನದೇ ಆಗಿರುತ್ತದೆ. ಎ4 ಹಾಳೆಯಷ್ಟು ದೊಡ್ಡದಾಗಿ ಅತ್ಯುತ್ತಮವಾಗಿ ಮುದ್ರಿಸಲು 9 ಮೆಗಾಪಿಕ್ಸೆಲ್‌ಗಿಂತ ಹೆಚ್ಚು ಬೇಕಾಗುವುದಿಲ್ಲ. ಫುಲ್ ಎಚ್‌ಡಿ ಕಂಪ್ಯೂಟರ್ ಪರದೆಯಲ್ಲಿರುವುದು ಸುಮಾರು 2 ಮೆಗಾಪಿಕ್ಸೆಲ್ ಮಾತ್ರ.

3. ಒಂದು ಮೀಟರಿಗೆ ಎಷ್ಟು ಬಿಂದು?

ಪರಿಶೀಲನೆಯ ದೃಷ್ಟಿಯಿಂದ ಕೇಳಬೇಕಾದ ಮುಖ್ಯ ಪ್ರಶ್ನೆ ಇದು. ಚಿತ್ರದಲ್ಲಿ ಒಟ್ಟು ಎಷ್ಟು ಬಿಂದುಗಳಿವೆ ಎಂಬುದಕ್ಕಿಂತ, ನಮಗೆ ಬೇಕಾದ ವಸ್ತುವಿನ ಮೇಲೆ ಎಷ್ಟು ಬಿಂದುಗಳು ಬಿದ್ದಿವೆ ಎಂಬುದು ಹೆಚ್ಚು ಮಹತ್ವದ್ದು. ಕಣ್ಗಾವಲು ಕ್ಯಾಮೆರಾಗಳ ಅಂತರರಾಷ್ಟ್ರೀಯ ಮಾನದಂಡವು ಪರಿಚಿತ ವ್ಯಕ್ತಿಯನ್ನು ಗುರುತು ಹಿಡಿಯಲು ಮೀಟರಿಗೆ 125 ಬಿಂದು, ಅಪರಿಚಿತ ವ್ಯಕ್ತಿಯನ್ನು ಸಂಶಯವಿಲ್ಲದೆ ಗುರುತಿಸಲು ಮೀಟರಿಗೆ 250 ಬಿಂದು ಬೇಕೆಂದು ಹೇಳುತ್ತದೆ.

ಉದಾಹರಣೆಗೆ, 20 ಕೂಲಿಕಾರರು ಒಂದೇ ಸಾಲಿನಲ್ಲಿ ನಿಂತಿದ್ದಾರೆ ಎಂದುಕೊಳ್ಳೋಣ. ತಲಾ 60 ಸೆಂ.ಮೀ. ಲೆಕ್ಕದಲ್ಲಿ ಸಾಲಿನ ಉದ್ದ 12 ಮೀಟರ್ ಆಗುತ್ತದೆ. ಚಿತ್ರದ ಅಗಲ 4000 ಬಿಂದುಗಳಿದ್ದರೆ ಮೀಟರಿಗೆ ಸುಮಾರು 333 ಬಿಂದುಗಳು ದೊರೆಯುತ್ತವೆ. ಚಿತ್ರವು ಕಿರಿದಾಗಿ 1600 ಬಿಂದುಗಳಿಗೆ ಇಳಿದರೆ ಮೀಟರಿಗೆ 133 ಮಾತ್ರ ಉಳಿಯುತ್ತವೆ. ಆಗ ಊರಿನವರು ಗುರುತು ಹಿಡಿದಾರು. ತಾಲ್ಲೂಕು ಅಥವಾ ಜಿಲ್ಲಾ ಕಚೇರಿಯಲ್ಲಿ ಕುಳಿತ ಪರಿಶೀಲಕರಿಗೆ ಅದು ಸಾಧ್ಯವಾಗದು. ಅದೇ 20 ಜನರನ್ನು ಹತ್ತು ಹತ್ತರಂತೆ ಎರಡು ಸಾಲು ಮಾಡಿ, ಮುಂದಿನವರನ್ನು ಕೂರಿಸಿ, ಕ್ಯಾಮೆರಾವನ್ನು ಹತ್ತಿರಕ್ಕೆ ತಂದರೆ ಸಾಲಿನ ಅಗಲ 6 ಮೀಟರಿಗೆ ಇಳಿಯುತ್ತದೆ. ಆಗ 1600 ಬಿಂದುಗಳ ಚಿತ್ರದಲ್ಲಿಯೂ ಮೀಟರಿಗೆ 266 ಬಿಂದುಗಳು ದೊರೆಯುತ್ತವೆ. ಹೊಸ ಮೊಬೈಲಿಗೆ ಒಂದು ರೂಪಾಯಿಯನ್ನೂ ಖರ್ಚು ಮಾಡದೆ ಸ್ಪಷ್ಟತೆ ಇಮ್ಮಡಿಯಾದಂತಾಯಿತು.

ದೂರದಲ್ಲಿ ನಿಂತು ಬೆರಳಿನಿಂದ ಪರದೆಯನ್ನು ಹಿಗ್ಗಿಸಿ ಝೂಮ್ ಮಾಡುವುದರಿಂದ ಈ ಫಲ ಸಿಗುವುದಿಲ್ಲ. ಪ್ರತ್ಯೇಕ ಝೂಮ್ ಲೆನ್ಸ್ ಇಲ್ಲದ ಮೊಬೈಲಿನಲ್ಲಿ ಝೂಮ್ ಎಂದರೆ ಚಿತ್ರದ ನಡುಭಾಗವನ್ನು ಕತ್ತರಿಸಿ ದೊಡ್ಡದಾಗಿ ತೋರಿಸುವುದಷ್ಟೇ. ನಾಲ್ಕು ಪಟ್ಟು ಝೂಮ್ ಮಾಡಿದಾಗ 12 ಮೆಗಾಪಿಕ್ಸೆಲ್‌ನಲ್ಲಿ ಹದಿನಾರನೆಯ ಒಂದು ಪಾಲು, ಅಂದರೆ 0.75 ಮೆಗಾಪಿಕ್ಸೆಲ್ ಮಾತ್ರ ಉಳಿಯುತ್ತದೆ. ಆದ್ದರಿಂದ ನಾಲ್ಕು ಹೆಜ್ಜೆ ಮುಂದೆ ನಡೆಯುವುದೇ ಉತ್ತಮ.

4. ಬೆಳಕಿನ ವೇಳೆ ಮತ್ತು ದಿಕ್ಕು

ನಮ್ಮ ಭಾಗದಲ್ಲಿ ಬೆಳಕಿನ ಕೊರತೆ ಇಲ್ಲ. ಬೆಳಕಿನ ಅಸಮತೆಯೇ ತೊಡಕು. ಕೆಂಭಾವಿ ಸುಮಾರು 16.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರದ ಹೊತ್ತಿಗೆ ಹಾಗೂ ಆಗಸ್ಟ್ ಮೊದಲ ವಾರದ ಹೊತ್ತಿಗೆ ಇಲ್ಲಿ ಸೂರ್ಯ ನಡುಹಗಲಿನಲ್ಲಿ ನೆತ್ತಿಯ ಮೇಲೆಯೇ ಇರುತ್ತಾನೆ. ಕಾಮಗಾರಿಗಳು ಹೆಚ್ಚಾಗಿ ನಡೆಯುವ ಮೇ ತಿಂಗಳಿನಲ್ಲಿ, ಮಧ್ಯಾಹ್ನ 12.20ರ ಸುಮಾರಿಗೆ, ಮನುಷ್ಯನ ನೆರಳು ಅವನ ಕಾಲಡಿಯಲ್ಲಿಯೇ ಬೀಳುತ್ತದೆ. ಆಗ ಹುಬ್ಬಿನ ನೆರಳು ಕಣ್ಣಿನ ಮೇಲೆ, ರುಮಾಲು ಅಥವಾ ಸೆರಗಿನ ನೆರಳು ಇಡೀ ಮುಖದ ಮೇಲೆ ಬೀಳುತ್ತದೆ.

ಮನುಷ್ಯನ ಕಣ್ಣು ಬಿಸಿಲು ಮತ್ತು ನೆರಳು ಎರಡನ್ನೂ ಒಟ್ಟಿಗೆ ಕಾಣಬಲ್ಲದು. ಸಣ್ಣ ಸೆನ್ಸರಿಗೆ ಆ ಸಾಮರ್ಥ್ಯ ಕಡಿಮೆ. ಕ್ಯಾಮೆರಾ ಒಟ್ಟು ದೃಶ್ಯದ ಸರಾಸರಿ ಬೆಳಕನ್ನು ನೋಡಿ ಎಷ್ಟು ಬೆಳಕು ಒಳಗೆ ಬಿಡಬೇಕೆಂದು ನಿರ್ಧರಿಸುತ್ತದೆ. ಹಿನ್ನೆಲೆಯಲ್ಲಿ ಬಿಳಿಯ ಆಕಾಶ ಅಥವಾ ಹೊಸ ಸಿ.ಸಿ. ರಸ್ತೆ ಹೆಚ್ಚಾಗಿದ್ದರೆ ಮುಖಗಳು ಕಪ್ಪಾಗುತ್ತವೆ. ಕಪ್ಪು ಎರೆಭೂಮಿಯೇ ತುಂಬಿದ್ದರೆ ಕ್ಯಾಮೆರಾ ಬೆಳಕನ್ನು ಹೆಚ್ಚಿಸುವುದರಿಂದ ಬಿಳಿಯ ಅಂಗಿ, ಧೋತರಗಳು ವಿವರವಿಲ್ಲದೆ ಬೆಳ್ಳಗಾಗುತ್ತವೆ. ಪರದೆಯಲ್ಲಿ ಒಬ್ಬರ ಮುಖದ ಮೇಲೆ ಬೆರಳಿಟ್ಟರೆ ಬಹುತೇಕ ಮೊಬೈಲ್‌ಗಳು ಆ ಮುಖಕ್ಕೆ ತಕ್ಕಂತೆ ಬೆಳಕನ್ನೂ ಫೋಕಸನ್ನೂ ಹೊಂದಿಸಿಕೊಳ್ಳುತ್ತವೆ.

ಬೆಳಗಿನ ಹಾಜರಾತಿಯನ್ನು ಆದಷ್ಟು ಬೇಗ ತೆಗೆಯುವುದು, ಸೂರ್ಯನು ಚಿತ್ರ ತೆಗೆಯುವವರ ಹಿಂದೆ ಅಥವಾ ಪಕ್ಕದಲ್ಲಿ ಇರುವಂತೆ ನಿಲ್ಲುವುದು, ಮಧ್ಯಾಹ್ನವಾದರೆ ಎಲ್ಲರನ್ನೂ ಬೇವಿನ ಅಥವಾ ಜಾಲಿಯ ಮರದ ಪೂರ್ಣ ನೆರಳಿನೊಳಗೆ ಕರೆತರುವುದು ಸೂಕ್ತ. ಅರ್ಧ ಜನ ಬಿಸಿಲಿನಲ್ಲಿ, ಅರ್ಧ ಜನ ನೆರಳಿನಲ್ಲಿ ನಿಂತ ಚಿತ್ರದಲ್ಲಿ ಒಂದು ಪಾಲು ಕೆಟ್ಟೇ ಕೆಡುತ್ತದೆ. ಚಿತ್ರದ ಕ್ಷಣಕ್ಕೆ ಸೆರಗು, ರುಮಾಲುಗಳನ್ನು ಮುಖದಿಂದ ತುಸು ಹಿಂದಕ್ಕೆ ಸರಿಸಿಕೊಳ್ಳುವಂತೆ ಗೌರವದಿಂದ ವಿನಂತಿಸಬೇಕು.

ಆಳ ಉಬ್ಬುಗಳನ್ನು ತೋರಿಸುವುದಕ್ಕೆ ಮಾತ್ರ ಇದಕ್ಕಿಂತ ಬೇರೆ ಬೆಳಕು ಬೇಕು. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಕೃಷಿ ಹೊಂಡವಾಗಲಿ, ಬದುವಾಗಲಿ ಚಪ್ಪಟೆಯಾಗಿ ಕಾಣುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಂಚುಗಳು ನೆರಳು ಚೆಲ್ಲುವುದರಿಂದ ಆಳವು ಎದ್ದು ಕಾಣುತ್ತದೆ. ಹೊಂಡದೊಳಗೆ ಅಳತೆಯ ಪಟ್ಟಿಯನ್ನು ನಿಲ್ಲಿಸಿದರೆ ಚಿತ್ರವು ಅಳತೆ ಪುಸ್ತಕಕ್ಕೆ ಪೂರಕ ಸಾಕ್ಷಿಯಾಗುತ್ತದೆ. ಮೂರು ಹಂತಗಳ ಚಿತ್ರಗಳನ್ನೂ ಒಂದೇ ಸ್ಥಳದಲ್ಲಿ ನಿಂತು, ಮರ ಅಥವಾ ಕಂಬದಂತಹ ಅಚಲ ಗುರುತು ಒಳಗೊಳ್ಳುವಂತೆ ತೆಗೆದರೆ ಹೋಲಿಕೆ ಸುಲಭ.

ಈ ಓರೆ ಬೆಳಕಿನ ನಿಯಮವು ಶಾಸನಗಳಿಗೂ ಅನ್ವಯಿಸುತ್ತದೆ. ಕೆಂಭಾವಿಯಲ್ಲಿ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿಲಾಶಾಸನಗಳಿವೆ. ಸುರಪುರ ತಾಲ್ಲೂಕಿನ ಏವೂರಿನ 1077ರ ಶಾಸನವು ಆ ರಾಜವಂಶದ ವಂಶಾವಳಿಯನ್ನು ನೀಡುವುದರಿಂದ ಇತಿಹಾಸಕಾರರಿಗೆ ಸುಪರಿಚಿತ. ಸವೆದ ಅಕ್ಷರಗಳನ್ನು ಎದುರಿನ ಫ್ಲ್ಯಾಶ್ ಬೆಳಕು ಅಳಿಸಿಬಿಡುತ್ತದೆ. ಪಕ್ಕದಿಂದ ಹಾಯಿಸಿದ ಟಾರ್ಚ್ ಬೆಳಕು ಅವುಗಳನ್ನು ಎತ್ತಿ ತೋರಿಸುತ್ತದೆ. ಅಕ್ಷರ ಕಾಣಲೆಂದು ಸುಣ್ಣ, ಬಣ್ಣ, ಎಣ್ಣೆ ಹಚ್ಚುವ ಅಗತ್ಯವಿಲ್ಲ. ಅದರಿಂದ ಕಲ್ಲಿಗೆ ಹಾನಿ.

5. ಲೆನ್ಸ್, ಅಲುಗಾಟ ಮತ್ತು ಬಿಸಿ

ಲೆನ್ಸಿನ ಬೆಳಕಿನ ಕಿಂಡಿಗೆ ಅಪರ್ಚರ್ ಎನ್ನುತ್ತಾರೆ. ಅದನ್ನು ಎಫ್ 1.8, ಎಫ್ 2.4 ಎಂದು ಸೂಚಿಸಲಾಗುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್ 1.8ರ ಲೆನ್ಸ್ ಎಫ್ 2.4ರ ಲೆನ್ಸಿಗಿಂತ ಸುಮಾರು 1.8 ಪಟ್ಟು ಹೆಚ್ಚು ಬೆಳಕನ್ನು ಸೆನ್ಸರಿನ ಪ್ರತಿ ಭಾಗಕ್ಕೆ ಒದಗಿಸುತ್ತದೆ. ಆದರೆ ಬೆರಳಿನ ಜಿಡ್ಡು ಮತ್ತು ಎರೆಮಣ್ಣಿನ ಧೂಳು ಕೂತ ಲೆನ್ಸ್ ಎಷ್ಟೇ ಉತ್ತಮವಾಗಿದ್ದರೂ ಬೆಳಕನ್ನು ಚದುರಿಸಿ ಚಿತ್ರದ ಮೇಲೆ ಮಂಜು ಕವಿಸುತ್ತದೆ. ಧೂಳನ್ನು ಊದಿ, ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸುವುದು ಪ್ರತಿ ಬಾರಿಯ ಮೊದಲ ಕೆಲಸವಾಗಬೇಕು. ಮೊಬೈಲನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟೇ ಚಿತ್ರ ತೆಗೆಯುವ ರೂಢಿಯನ್ನು ಬಿಡಬೇಕು.

ಬಯಲಿನ ಬಿಸಿಲಿನಲ್ಲಿ ಕ್ಯಾಮೆರಾದ ಷಟರ್ ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಮಾತ್ರ ತೆರೆದಿದ್ದರೆ ಸಾಕಾಗುತ್ತದೆ. ಶಾಲೆಯ ಕೊಠಡಿ ಅಥವಾ ಅಂಗನವಾಡಿಯೊಳಗೆ ಅದು ಮೂವತ್ತರ ಒಂದು ಪಾಲಿನಷ್ಟು ಹೊತ್ತು ತೆರೆದಿರಬೇಕಾಗಬಹುದು. ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಚಲಿಸುವ ಕೈ ಮೊದಲ ಸಂದರ್ಭದಲ್ಲಿ 2 ಮಿ.ಮೀ., ಎರಡನೆಯ ಸಂದರ್ಭದಲ್ಲಿ 6 ಸೆಂ.ಮೀ.ಗೂ ಹೆಚ್ಚು ಸರಿಯುತ್ತದೆ. ಅಷ್ಟೇ ಮಸುಕು ಚಿತ್ರದಲ್ಲಿ ಮೂಡುತ್ತದೆ. ಒಳಾಂಗಣದಲ್ಲಿ ಬಾಗಿಲು ಕಿಟಕಿ ತೆರೆದು, ಮೊಬೈಲನ್ನು ಎರಡೂ ಕೈಗಳಲ್ಲಿ ಹಿಡಿದು, ಮೊಣಕೈಗಳನ್ನು ದೇಹಕ್ಕೆ ಒತ್ತಿಕೊಂಡು ತೆಗೆಯುವುದು ಉಚಿತ.

ಸೆನ್ಸರ್ ಬಿಸಿಯಾದಷ್ಟೂ ಅದರೊಳಗೆ ಬೆಳಕಿಲ್ಲದೆಯೂ ವಿದ್ಯುತ್ ಹುಟ್ಟಿ ಚಿತ್ರದಲ್ಲಿ ಚುಕ್ಕೆಗಳು ಹೆಚ್ಚುತ್ತವೆ. ಬೇಸಿಗೆಯಲ್ಲಿ ಮೊಬೈಲನ್ನು ಬೈಕಿನ ಟ್ಯಾಂಕಿನ ಮೇಲೆ ಅಥವಾ ಬಯಲಿನಲ್ಲಿ ಇಡದೆ ನೆರಳಿನಲ್ಲಿಡುವುದರಿಂದ ಚಿತ್ರವೂ ಬ್ಯಾಟರಿಯೂ ಉಳಿಯುತ್ತವೆ.

6. ಕಳುಹಿಸುವಾಗ ಆಗುವ ನಷ್ಟ

ಚೆನ್ನಾಗಿ ತೆಗೆದ ಚಿತ್ರವೂ ದಾರಿಯಲ್ಲಿ ಕೆಡಬಹುದು. ಬಹುತೇಕ ಕ್ಯಾಮೆರಾಗಳು ಚಿತ್ರವನ್ನು ಜೆಪೆಗ್ ರೂಪದಲ್ಲಿ ಉಳಿಸುತ್ತವೆ. ಈ ವಿಧಾನವು ಚಿತ್ರವನ್ನು 8 ಬಿಂದು ಅಗಲ, 8 ಬಿಂದು ಎತ್ತರದ ಚೌಕಗಳಾಗಿ ವಿಂಗಡಿಸಿ, ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಕೈಬಿಟ್ಟು ಕಡತದ ಗಾತ್ರವನ್ನು ಇಳಿಸುತ್ತದೆ. ಅತಿಯಾಗಿ ಇಳಿಸಿದಾಗ ಚೌಕಗಳೇ ಎದ್ದು ಕಾಣುತ್ತವೆ. ಪ್ರತಿ ಬಾರಿ ಮತ್ತೆ ಮತ್ತೆ ಕುಗ್ಗಿಸಿ ಉಳಿಸಿದಂತೆ ನಷ್ಟವು ಸೇರುತ್ತ ಹೋಗುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ ಬಿಂದುಗಳ ಸಂಖ್ಯೆ ಗಣನೀಯವಾಗಿ ಇಳಿಯುತ್ತದೆ. 4000 ಬಿಂದು ಅಗಲದ ಚಿತ್ರವು 1600ಕ್ಕೆ ಇಳಿದರೆ ಒಟ್ಟು 120 ಲಕ್ಷ ಬಿಂದುಗಳಲ್ಲಿ 19 ಲಕ್ಷ ಮಾತ್ರ ಉಳಿಯುತ್ತವೆ. ಅದರೊಡನೆ ಚಿತ್ರ ತೆಗೆದ ವೇಳೆ, ಸ್ಥಳ ಮುಂತಾದವುಗಳನ್ನು ಕಡತದೊಳಗೆ ದಾಖಲಿಸುವ ಎಕ್ಸಿಫ್ ಮಾಹಿತಿಯೂ ಅಳಿಸಿಹೋಗುತ್ತದೆ. ಅದೇ ಚಿತ್ರವನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಮೂಲವು ಹಾಗೆಯೇ ತಲುಪುತ್ತದೆ. ಮೂಲ ಕಡತಗಳನ್ನು ಕಾಮಗಾರಿಯ ಸಂಕೇತ ಸಂಖ್ಯೆ ಹಾಗೂ ದಿನಾಂಕದ ಹೆಸರಿನಲ್ಲಿ ಪಂಚಾಯತಿಯ ಕಂಪ್ಯೂಟರಿನಲ್ಲಿ ಉಳಿಸಿಟ್ಟುಕೊಂಡರೆ ಸಾಮಾಜಿಕ ಪರಿಶೋಧನೆಯ ವೇಳೆ ನೆರವಾಗುತ್ತದೆ. ಕೂಲಿಕಾರರ ಚಿತ್ರಗಳನ್ನು ಕಚೇರಿ ಕೆಲಸಕ್ಕೆ ಸಂಬಂಧವಿಲ್ಲದ ಗುಂಪುಗಳಲ್ಲಿ ಹಂಚಬಾರದು.

7. ಚಿತ್ರದ ಚಿತ್ರವನ್ನು ಗುರುತಿಸುವುದು

ಮೊಬೈಲ್ ಪರದೆಯೂ ಬಿಂದುಗಳ ಸಾಲು. ಸೆನ್ಸರೂ ಕೋಶಗಳ ಸಾಲು. ಒಂದು ಸಾಲಿನ ಜಾಲಿಯ ಮೇಲೆ ಇನ್ನೊಂದು ಜಾಲಿಯನ್ನು ಇಟ್ಟು ನೋಡಿದಾಗ ಅಲೆಯಂತಹ ಪಟ್ಟೆಗಳು ಕಾಣುವ ಹಾಗೆ, ಪರದೆಯ ಮೇಲಿನ ಚಿತ್ರವನ್ನು ಮತ್ತೆ ಚಿತ್ರಿಸಿದಾಗ ಬಣ್ಣಬಣ್ಣದ ಅಲೆಗೆರೆಗಳು ಮೂಡುವುದುಂಟು. ಇದರೊಡನೆ ಗಾಜಿನ ಮೇಲಿನ ಹೊಳಪು, ಪರದೆಯ ಅಂಚು, ಹತ್ತಿರದವರೂ ದೂರದ ಗುಡ್ಡವೂ ಒಂದೇ ಬಗೆಯಲ್ಲಿ ಮಬ್ಬಾಗಿರುವುದು, ದಾಖಲಾದ ವೇಳೆಗೂ ನೆರಳಿನ ಉದ್ದಕ್ಕೂ ಹೊಂದಿಕೆಯಾಗದಿರುವುದು ಇತರ ಸೂಚನೆಗಳು. ಮಧ್ಯಾಹ್ನದ ಚಿತ್ರವೆಂದು ದಾಖಲಾಗಿದ್ದು ನೆರಳುಗಳು ಬೆಳಗಿನಂತೆ ಪಡುವಣಕ್ಕೆ ಉದ್ದವಾಗಿ ಚಾಚಿದ್ದರೆ ವಿಚಾರಣೆ ಅಗತ್ಯ. ಆದರೆ ಮಬ್ಬಾದ ಚಿತ್ರವೆಲ್ಲ ಸುಳ್ಳಲ್ಲ. ಲೆನ್ಸ್ ಒರೆಸದ ಕಾರಣಕ್ಕೆ ಯಾರ ಕೂಲಿಯನ್ನೂ ಸಂಶಯದಲ್ಲಿಡುವುದು ನ್ಯಾಯವಲ್ಲ. ಸ್ಥಳ ತನಿಖೆ ನಡೆಸಿ, ಕೂಲಿಕಾರರನ್ನು ಕೇಳಿ ತೀರ್ಮಾನಿಸಬೇಕು.

8. ಖರೀದಿಗೆ ಮುನ್ನ

ಮೇಲಿನ ಕ್ರಮಗಳ ನಂತರವೂ ಹೊಸ ಉಪಕರಣ ಅಗತ್ಯವೆನಿಸಿದಲ್ಲಿ, ದರಪಟ್ಟಿಯಲ್ಲಿ ಮೆಗಾಪಿಕ್ಸೆಲ್ ಒಂದನ್ನೇ ನೋಡಬಾರದು. ಸೆನ್ಸರಿನ ಗಾತ್ರ, ಅಪರ್ಚರ್ ಸಂಖ್ಯೆ ಹಾಗೂ ಕೈ ಅಲುಗಾಟವನ್ನು ಲೆನ್ಸಿನಲ್ಲಿಯೇ ಸರಿಪಡಿಸುವ ಸೌಲಭ್ಯ, ಈ ಮೂರನ್ನೂ ಕೇಳಬೇಕು. ಎಲ್ಲಕ್ಕಿಂತ ವಿಶ್ವಾಸಾರ್ಹವಾದುದು ಪ್ರತ್ಯಕ್ಷ ಪರೀಕ್ಷೆ. ಪಂಚಾಯತಿ ಕಟ್ಟಡದ ಮುಂದೆ ಹತ್ತು ಜನರನ್ನು ನಿಲ್ಲಿಸಿ ಬಿಸಿಲಿನಲ್ಲಿ ಒಂದು, ಸಭಾಂಗಣದೊಳಗೆ ದೀಪವಿಲ್ಲದೆ ಒಂದು ಚಿತ್ರ ತೆಗೆದು, ಕಂಪ್ಯೂಟರ್ ಪರದೆಯಲ್ಲಿ ಹಿಗ್ಗಿಸಿ ಪ್ರತಿಯೊಬ್ಬರ ಮುಖವನ್ನೂ ನೋಡಿದರೆ ಉಪಕರಣದ ಯೋಗ್ಯತೆ ತಿಳಿಯುತ್ತದೆ.

ಮಾನ್ಯ ಸದಸ್ಯರು ಮುಂದಿನ ಸಾಮಾನ್ಯ ಸಭೆಯಲ್ಲಿ ತಮ್ಮ ಗ್ರಾಮದ ಯಾವುದಾದರೂ ಒಂದು ಕಾಮಗಾರಿಯ ಚಿತ್ರಗಳನ್ನು ಪರದೆಯ ಮೇಲೆ ತೋರಿಸುವಂತೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳನ್ನು ಕೋರಬಹುದು. ಚಿತ್ರದಲ್ಲಿ ಎಷ್ಟು ಜನರ ಮುಖ ಗುರುತಿಸಲು ಬರುತ್ತದೆ, ಹೊಂಡದ ಆಳ ತಿಳಿಯುತ್ತದೆಯೇ, ಮೂರು ಹಂತಗಳ ಚಿತ್ರಗಳೂ ಒಂದೇ ಸ್ಥಳದವೆಂದು ಹೇಳಲು ಸಾಧ್ಯವೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡರೆ, ಕಾಯಕ ಬಂಧುಗಳಿಗೂ ತಾಂತ್ರಿಕ ಸಿಬ್ಬಂದಿಗೂ ಯಾವ ತಿಳಿವಳಿಕೆ ನೀಡಬೇಕೆಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಲೆನ್ಸ್ ಒರೆಸುವುದು, ಹತ್ತಿರ ಹೋಗುವುದು, ಎರಡು ಸಾಲು ಮಾಡುವುದು, ಬೆಳಕು ನೋಡಿ ನಿಲ್ಲಿಸುವುದು, ಮೂಲ ಕಡತ ಉಳಿಸುವುದು: ಈ ಐದು ಕೆಲಸಗಳಿಗೆ ಅನುದಾನ ಬೇಕಾಗಿಲ್ಲ. ದುಡಿದವರ ಮುಖ ದಾಖಲೆಯಲ್ಲಿ ಸ್ಪಷ್ಟವಾಗಿ ಉಳಿಯುವುದು ಅವುಗಳಿಂದಲೇ.